ಆರು ಇಂಚಿನ ಫುಟ್‌ಪಾತ್, ಖಾಲಿ ಬಿದ್ದ ಕೌನ್ಸಿಲ್

ಫುಟ್‌ಪಾತ್ ಎಷ್ಟು ಎತ್ತರ ಇರಬೇಕು ಅನ್ನುವುದಕ್ಕೆ ನಮ್ಮ ದೇಶದಲ್ಲಿ ಒಂದು ಲೆಕ್ಕ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿಗಳಿಗಾಗಿ 2012ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಅದು ರಸ್ತೆಯಿಂದ 150 ಮಿಲಿಮೀಟರ್ ಮೀರಬಾರದು. ಅಂದರೆ ಆರು ಇಂಚು. ಕಂಬ, ಪೆಟ್ಟಿಗೆ, ಗಿಡ ಎಲ್ಲ ಬಿಟ್ಟು ನಡೆಯುವುದಕ್ಕೆ ಅಂತಲೇ ಕನಿಷ್ಠ 1.8 ಮೀಟರ್ ಅಗಲ ಸಿಗಬೇಕು. ಎರಡು ಗಾಲಿಕುರ್ಚಿ ಎದುರುಬದುರು ಬಂದರೂ ದಾಟಿಹೋಗುವಷ್ಟು ಜಾಗ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದು ಟೇಪು ಹಿಡಿದು ಹೊರಡಿ. ಕೆಲವು ಕಡೆ ಫುಟ್‌ಪಾತ್ ಒಂದು ಅಡಿ ಎತ್ತರ ಇರುತ್ತದೆ. ಕೆಲವು ಕಡೆ ಒಂದೂವರೆ. ನಾಲ್ಕು ಹೆಜ್ಜೆಗೆ ಒಂದು ಗೇಟು ಬಂದು ಇಳಿಯಬೇಕು, ಮತ್ತೆ ಹತ್ತಬೇಕು. ನನ್ನ ಅಮ್ಮನಿಗೆ ಎಂಬತ್ತರ ಹತ್ತಿರ ವಯಸ್ಸು. ಮಂಡಿ ಸವೆದಿದೆ. ಮನೆಯಿಂದ ದೇವಸ್ಥಾನಕ್ಕೆ ಅವರು ರಸ್ತೆಯ ಅಂಚಿನಲ್ಲೇ ನಡೆಯುತ್ತಾರೆ, ಬೈಕು, ಆಟೋಗಳ ಪಕ್ಕದಲ್ಲೇ. ಫುಟ್‌ಪಾತ್ ಮೇಲೆ ಹೋಗಮ್ಮ ಅಂದರೆ, "ಹತ್ತಿ ಇಳಿದು, ಹತ್ತಿ ಇಳಿದು ಸಾಕಾಗತ್ತೆ ಕಣೇ. ರಸ್ತೆನೇ ವಾಸಿ" ಅನ್ನುತ್ತಾರೆ. ಅವರ ವಯಸ್ಸಿನ ಎಲ್ಲರೂ ಹಾಗೇ ನಡೆಯುತ್ತಾರೆ. ನೀವೂ ನೋಡಿರುತ್ತೀರಿ.

ಇದು ಹೀಗೇಕೆ ಆಗುತ್ತದೆ ಅಂತ ನಾನು ತುಂಬಾ ದಿನ ಎಂಜಿನಿಯರುಗಳನ್ನೂ ಮೇಸ್ತ್ರಿಗಳನ್ನೂ ಕೇಳಿದ್ದೇನೆ. ನಮ್ಮ ಊರಿನಲ್ಲಿ ಬಹಳ ಕಡೆ ಫುಟ್‌ಪಾತ್ ಅಂದರೆ ಮೋರಿಯ ಮುಚ್ಚಳ. ರಸ್ತೆ ಪಕ್ಕ ಮಳೆನೀರಿನ ಮೋರಿ, ಅದರ ಮೇಲೆ ಕಲ್ಲು ಚಪ್ಪಡಿ, ಚಪ್ಪಡಿ ಮೇಲೆ ನಾವು. ಮೋರಿಯ ಗೋಡೆ ಎಷ್ಟು ಎತ್ತರವೋ ಫುಟ್‌ಪಾತ್ ಅಷ್ಟು ಎತ್ತರ. ಮೋರಿಯನ್ನು ಹೊಸದಾಗಿ ಕಟ್ಟುವಾಗ ತಳ ಅಗೆದು ಆಳ ಮಾಡುವುದು ಕಷ್ಟದ ಕೆಲಸ. ಕೆಳಗೆ ಕುಡಿಯುವ ನೀರಿನ ಪೈಪು, ಒಳಚರಂಡಿ, ಕರೆಂಟಿನ ಕೇಬಲ್ಲು, ಇಂಟರ್ನೆಟ್ಟಿನ ಕೇಬಲ್ಲು ಇರುತ್ತವೆ. ಗೋಡೆಯನ್ನು ಮೇಲಕ್ಕೆ ಎಬ್ಬಿಸುವುದು ಸುಲಭ. ಆದ್ದರಿಂದ ಎಬ್ಬಿಸುತ್ತಾರೆ.

ಅತ್ತ ರಸ್ತೆಯೂ ಸುಮ್ಮನಿರುವುದಿಲ್ಲ. ಡಾಂಬರು ಹಾಕುವ ಮೊದಲು ಹಳೆಯ ಪದರವನ್ನು ಯಂತ್ರದಿಂದ ಕೆರೆದು ತೆಗೆಯಬೇಕು. ಕೆರೆಯದೆ ಅದರ ಮೇಲೇ ಹಾಕಿದರೆ ಪ್ರತಿ ಸಲವೂ ರಸ್ತೆ ಒಂದಿಷ್ಟು ಏರುತ್ತದೆ. ಮೂವತ್ತು ನಲವತ್ತು ವರ್ಷದಲ್ಲಿ ಹಳೆಯ ಮನೆಗಳ ಗೇಟು ರಸ್ತೆಗಿಂತ ಕೆಳಗೆ ಉಳಿದುಬಿಡುತ್ತದೆ. ಜೋರು ಮಳೆ ಬಂದ ದಿನ ನೀರು ನೇರವಾಗಿ ವರಾಂಡಕ್ಕೆ ಬರುತ್ತದೆ. ಮನೆಯವರು ಹೊಸ್ತಿಲು ಎತ್ತರಿಸುತ್ತಾರೆ. ಕಾರು ಒಳಗೆ ಬರಲಿ ಅಂತ ಗೇಟಿನ ಮುಂದೆ ಸಿಮೆಂಟಿನ ಇಳಿಜಾರು ಕಟ್ಟಿಸುತ್ತಾರೆ. ಆ ಇಳಿಜಾರು ಫುಟ್‌ಪಾತನ್ನು ಮುರಿಯುತ್ತದೆ. ಪಕ್ಕದ ಮನೆಯವರು ಇನ್ನೊಂದು ಕಟ್ಟಿಸುತ್ತಾರೆ. ಹೀಗೆ ಒಂದು ಬೀದಿಯ ಮಟ್ಟ ಹಾಳಾಗುತ್ತಾ ಹೋಗುತ್ತದೆ. ಯಾರೊಬ್ಬರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಆದರೆ ಪ್ರತಿ ಹಂತದಲ್ಲೂ ಯಾರೋ ಒಬ್ಬರು ತೀರ್ಮಾನ ಮಾಡಿರುತ್ತಾರೆ. ಎಸ್ಟಿಮೇಟ್ ಬರೆದಿರುತ್ತಾರೆ. ರಸ್ತೆಯನ್ನು ಅಡ್ಡಕ್ಕೆ ಸೀಳಿದ ಹಾಗೆ ತೋರಿಸುವ ಒಂದು ನಕ್ಷೆ ಇರುತ್ತದೆ. ಅದರಲ್ಲಿ ಮೋರಿ ಎಷ್ಟು ಆಳ, ಗೋಡೆ ಎಷ್ಟು ಎತ್ತರ, ಚಪ್ಪಡಿ ಎಷ್ಟು ದಪ್ಪ ಎಲ್ಲವೂ ಇರುತ್ತದೆ.

ಆ ನಕ್ಷೆ ಕೆಲಸ ಶುರುವಾಗುವ ಮೊದಲೇ ಆ ಬೀದಿಯವರ ಕಣ್ಣಿಗೆ ಬೀಳಬೇಕು ಅನ್ನುವುದು ನನ್ನ ಒಂದೇ ವಾದ. ಈ ಬರಹ ಪೂರ್ತಿ ಅದರ ಸುತ್ತಲೇ ಇದೆ.

ನಕ್ಷೆ ಕಣ್ಣಿಗೆ ಬೀಳಬೇಕಾದರೆ ತೋರಿಸುವವರು ಬೇಕಲ್ವಾ? ತೋರಿಸು ಅಂತ ಹೇಳುವ ಅಧಿಕಾರ ಇರುವವರು, ತೋರಿಸದಿದ್ದರೆ ಮುಂದಿನ ಸಲ ವೋಟು ಹೋಗುತ್ತದೆ ಅನ್ನುವ ಭಯ ಇರುವವರು ಒಬ್ಬರು ಬೇಕು. ನಮ್ಮ ಊರಿನಲ್ಲಿ ಅವರನ್ನು ಕಾರ್ಪೊರೇಟರ್ ಅಂತ ಕರೆಯುತ್ತಿದ್ದೆವು. ಬೆಂಗಳೂರು ಐದು ವರ್ಷಕ್ಕೂ ಹೆಚ್ಚು ಕಾಲ ಅವರಿಲ್ಲದೆ ನಡೆಯಿತು. ಇದನ್ನು ನಾವು ಎಷ್ಟು ಸುಲಭವಾಗಿ ಒಪ್ಪಿಕೊಂಡೆವು ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ (ಬಿಬಿಎಂಪಿ) ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 198 ವಾರ್ಡು, 198 ಸದಸ್ಯರು. ಅವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ರಂದು. ನಗರಸಭೆ, ಪಾಲಿಕೆಗಳ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಆಗಿರಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಅಹಮದಾಬಾದ್ ಪಾಲಿಕೆಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ 2006ರಲ್ಲಿ ಇದನ್ನೇ ಹೇಳಿತ್ತು. ಆದರೂ ಚುನಾವಣೆ ಆಗಲಿಲ್ಲ, ಸದಸ್ಯರ ಜಾಗಕ್ಕೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಬಂದರು. ವಾರ್ಡುಗಳನ್ನು 243 ಮಾಡುತ್ತೇವೆ ಅಂತ ಹೊಸ ಕಾಯ್ದೆ ಬಂತು. ಆರು ವಾರದಲ್ಲಿ ಚುನಾವಣೆ ನಡೆಸಿ ಅಂತ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆಮೇಲೆ ವಾರ್ಡ್ ಮೀಸಲಾತಿ ಪಟ್ಟಿಯ ಜಗಳ. ಆಮೇಲೆ ಸರ್ಕಾರ ಬದಲಾಗಿ 225 ವಾರ್ಡು. ಆಮೇಲೆ ಪಾಲಿಕೆಯನ್ನೇ ಒಡೆಯುವ ಮಾತು. ಬೇರೆ ಬೇರೆ ಪಕ್ಷಗಳ ಸರ್ಕಾರ ಬಂದು ಹೋದವು. ಈ ಒಂದು ವಿಷಯದಲ್ಲಿ ಯಾರಿಗೂ ಅವಸರ ಇರಲಿಲ್ಲ.

ಇದಕ್ಕೂ ಮೊದಲು 2006ರ ಕೊನೆಯಿಂದ 2010ರವರೆಗೂ ಹೀಗೇ ಆಗಿತ್ತು. ಸುತ್ತಮುತ್ತಲ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿ 2007ರಲ್ಲಿ ಬಿಬಿಎಂಪಿ ಹುಟ್ಟಿದಾಗ ಅದಕ್ಕೊಂದು ಚುನಾಯಿತ ಕೌನ್ಸಿಲ್, ಅಂದರೆ ಕಾರ್ಪೊರೇಟರ್‌ಗಳ ಸಭೆ, ಇರಲಿಲ್ಲ. ಮೊದಲ ಚುನಾವಣೆ ಆದದ್ದು 2010ರ ಮಾರ್ಚ್‌ನಲ್ಲಿ. ಈ ನಗರದಲ್ಲಿ ಮೊದಲ ಪುರಸಭೆ ಶುರುವಾದದ್ದು 1862ರಲ್ಲಿ. ಪೇಟೆಗೊಂದು, ದಂಡಿಗೊಂದು. ಎರಡೂ ಸೇರಿ ಒಂದೇ ಪಾಲಿಕೆಯಾದದ್ದು 1949ರಲ್ಲಿ. ಅಷ್ಟು ಹಳೆಯ ಪಾಲಿಕೆ ಇರುವ ಊರು ಇದು. ಇಂಥ ಊರು 2006ರಿಂದ ಈಚೆಗೆ ಇಷ್ಟು ವರ್ಷ ಸದಸ್ಯರಿಲ್ಲದೆ ಕಳೆಯಿತು.

2021ರ ಏಪ್ರಿಲ್, ಮೇ ತಿಂಗಳನ್ನು ನೆನಪು ಮಾಡಿಕೊಳ್ಳಿ. ಕೊರೊನಾದ ಎರಡನೇ ಅಲೆ. ಆಸ್ಪತ್ರೆಯಲ್ಲಿ ಹಾಸಿಗೆ ಬೇಕು, ಆಕ್ಸಿಜನ್ ಬೇಕು. ವಲಯಕ್ಕೊಂದು ವಾರ್ ರೂಮ್ ಇತ್ತು, ಅಲ್ಲಿ ಹಗಲು ರಾತ್ರಿ ಕೆಲಸ ಮಾಡಿದ ಹುಡುಗ ಹುಡುಗಿಯರಿದ್ದರು, ಅವರ ಮೇಲೆ ನನಗೆ ಗೌರವ ಇದೆ. ಆದರೆ ನಮ್ಮ ಬೀದಿಯ ಜನ ಮೊದಲು ಫೋನ್ ಮಾಡಿದ್ದು ಮಾಜಿ ಕಾರ್ಪೊರೇಟರ್‌ಗೆ. ಆಕೆಗೆ ಆಗ ಯಾವ ಅಧಿಕಾರವೂ ಇರಲಿಲ್ಲ, ಸಂಬಳವೂ ಇರಲಿಲ್ಲ. ಆದರೂ ಫೋನ್ ಎತ್ತುತ್ತಿದ್ದರು. ಯಾವ ಮನೆಯಲ್ಲಿ ಒಬ್ಬರೇ ಮುದುಕರು ಇದ್ದಾರೆ, ಯಾರ ಮಗ ಅಮೆರಿಕದಲ್ಲಿದ್ದಾನೆ, ಯಾರಿಗೆ ಡಯಾಲಿಸಿಸ್ ಇದೆ ಅನ್ನುವುದು ಅವರಿಗೆ ಗೊತ್ತಿತ್ತು. ವೋಟು ಕೇಳಲು ಮನೆ ಮನೆ ಹತ್ತಿದವರಿಗೆ ಮಾತ್ರ ಗೊತ್ತಿರುವ ಸಂಗತಿ ಅದು. ಯಾವ ಕಂಪ್ಯೂಟರಿನಲ್ಲೂ ಅದು ಇರಲಿಲ್ಲ.

ಕಾರ್ಪೊರೇಟರ್‌ಗಳೆಲ್ಲ ದೇವತೆಗಳು ಅಂತ ನಾನು ಹೇಳುತ್ತಿಲ್ಲ. ಕಾಮಗಾರಿಯಲ್ಲಿ ಪಾಲು ಕೇಳಿದವರು ಇದ್ದರು. ಖಾಲಿ ಸೈಟಿನ ಮೇಲೆ ಕಣ್ಣಿಟ್ಟವರು ಇದ್ದರು. 2015ರಲ್ಲಿ ಅರ್ಧದಷ್ಟು ವಾರ್ಡುಗಳು ಮಹಿಳೆಯರಿಗೆ ಮೀಸಲಾಗಿದ್ದವು. ಕೆಲವು ಕಡೆ ಗೆದ್ದ ಹೆಂಗಸಿನ ಗಂಡನೇ ಅಧಿಕಾರ ನಡೆಸಿದ. ಇದೆಲ್ಲ ಗೊತ್ತಿರುವ ಮಾತು. "ಅವರಿಲ್ಲದಿದ್ದರೇ ಒಳ್ಳೇದು, ಐಎಎಸ್ ಅಧಿಕಾರಿಗಳು ಚೆನ್ನಾಗಿ ನೋಡಿಕೊಳ್ಳುತ್ತಾರೆ" ಅಂತ ನನ್ನ ಗೆಳತಿಯರೇ ಹೇಳಿದ್ದಾರೆ. ನಾನು ಅವರಿಗೆ ಕೇಳುವುದು ಇಷ್ಟೇ. ಕೆಟ್ಟ ಕಾರ್ಪೊರೇಟರನ್ನು ಐದು ವರ್ಷಕ್ಕೆ ಮನೆಗೆ ಕಳಿಸಬಹುದು. ಆಡಳಿತಾಧಿಕಾರಿಯನ್ನು ನೀವು ಹೇಗೆ ಕಳಿಸುತ್ತೀರಿ? ಅವರ ಮನೆ ಯಾವ ಬೀದಿಯಲ್ಲಿದೆ ಅಂತಲಾದರೂ ಗೊತ್ತಾ? ಇಲ್ಲಿ ಇನ್ನೊಂದು ಸತ್ಯವನ್ನೂ ಹೇಳಬೇಕು. ಆ 2015ರ ಚುನಾವಣೆಯಲ್ಲೇ ನಗರದ ಅರ್ಧದಷ್ಟು ಮತದಾರರು ಕೂಡ ಮತಗಟ್ಟೆಗೆ ಹೋಗಲಿಲ್ಲ. ಬಿಸಿಲಲ್ಲಿ ಸಾಲು ನಿಂತವರು ಹೆಚ್ಚಾಗಿ ಕೊಳೆಗೇರಿಯವರು, ವಠಾರದವರು. ಕಾರ್ಪೊರೇಟರ್ ಇಲ್ಲದೆ ಜಾಸ್ತಿ ಕಳೆದುಕೊಂಡವರೂ ಅವರೇ. ನೀರಿನ ಟ್ಯಾಂಕರ್‌ಗೆ, ಸಾರ್ವಜನಿಕ ಶೌಚಾಲಯದ ಬೀಗಕ್ಕೆ, ಪಿಂಚಣಿ ಅರ್ಜಿಗೆ ಅವರು ಹೋಗುತ್ತಿದ್ದದ್ದು ಆ ಒಂದು ಮನೆಯ ಬಾಗಿಲಿಗೆ.

ಆ ಬಾಗಿಲು ಮುಚ್ಚಿದ ಮೇಲೆ ತೀರ್ಮಾನಗಳು ನಿಲ್ಲಲಿಲ್ಲ. ಕೆಲವು ಶಾಸಕರ ಕಚೇರಿಗೆ ಹೋದವು. ನಗರಕ್ಕೆ ಶಾಸಕರು 28 ಜನ. ಅವರಿಗೆ ವಿಧಾನಸಭೆ ಇದೆ, ಪಕ್ಷ ಇದೆ, ಮಂತ್ರಿಗಿರಿಯ ಯೋಚನೆ ಇದೆ. ಮೂರನೇ ಅಡ್ಡರಸ್ತೆಯ ಚಪ್ಪಡಿ ಸರಿಯಿಲ್ಲ ಅಂತ ಅವರ ಹತ್ತಿರ ಹೇಗೆ ಹೇಳುವುದು? ಹೇಳಬಾರದು ಅಂತಲ್ಲ. ಹೇಳುವವರು ಲಕ್ಷಗಟ್ಟಲೆ ಇದ್ದಾರೆ. ಇನ್ನು ಕೆಲವು ತೀರ್ಮಾನಗಳು ಕಚೇರಿಯೊಳಗೇ ಆದವು.

ಗಾಂಧಿ ಬಜಾರ್ ಕೆಲಸ ನಡೆದದ್ದು ಆ ವರ್ಷಗಳಲ್ಲೇ. ಬಸವನಗುಡಿಯ ಆ ರಸ್ತೆ ಬೆಂಗಳೂರಿನವರಿಗೆಲ್ಲ ಗೊತ್ತು. ಹೂವು, ಹಣ್ಣು, ಹಬ್ಬದ ಹಿಂದಿನ ದಿನ ಬಾಳೆಕಂದು, ಮಾವಿನ ಸೊಪ್ಪು. 1943ರಿಂದ ಇರುವ ವಿದ್ಯಾರ್ಥಿ ಭವನದ ಮುಂದಿನ ಸಾಲು. ಆ ರಸ್ತೆಯನ್ನು ನಡೆಯುವವರಿಗೆ ಅನುಕೂಲವಾಗುವಂತೆ ಮಾಡಬೇಕು ಅನ್ನುವ ಯೋಜನೆ ಮಾಡಿದ್ದು ನಗರ ಭೂ ಸಾರಿಗೆ ನಿರ್ದೇಶನಾಲಯ. ಉದ್ದೇಶವನ್ನು ನಾನು ಪೂರ್ತಿ ಒಪ್ಪುತ್ತೇನೆ. ಫುಟ್‌ಪಾತ್ ಅಗಲ ಆಗಬೇಕು, ಕಾರು ಕಮ್ಮಿ ಆಗಬೇಕು. ಆದರೆ ಅಗೆದಿಟ್ಟ ರಸ್ತೆಯಲ್ಲಿ ಬೀದಿಬದಿ ವ್ಯಾಪಾರಿಗಳು ಎಲ್ಲಿ ಕೂರಬೇಕು, ಎಷ್ಟು ದಿನ, ವಾಪಸ್ ಅದೇ ಜಾಗ ಸಿಗುತ್ತದಾ ಅನ್ನುವ ಪ್ರಶ್ನೆಗೆ ಉತ್ತರ ಕೊಡಲು ಅಲ್ಲಿ ಜನ ಆರಿಸಿದ ಒಬ್ಬ ಸದಸ್ಯ ಇರಲಿಲ್ಲ. ಅಂಗಡಿಯವರಿಗೆ ಒಂದು ಆತಂಕ, ಹೂವಿನವರಿಗೆ ಇನ್ನೊಂದು, ನಿವಾಸಿಗಳಿಗೆ ಮತ್ತೊಂದು. ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, "ಇದು ನನ್ನ ವಾರ್ಡು, ನಾನು ಜವಾಬ್ದಾರಿ" ಅನ್ನುವವರು ಬೇಕಿತ್ತು.

ಸ್ಯಾಂಕಿ ಕೆರೆಯ ಪಕ್ಕದ ಮೇಲ್ಸೇತುವೆ ಇನ್ನೊಂದು. ಕೆರೆ 1882ರದ್ದು. ಅದರ ಏರಿಯ ಮೇಲಿನ ರಸ್ತೆಯನ್ನು ಅಗಲ ಮಾಡಿ ಸೇತುವೆ ಕಟ್ಟುವ ಯೋಜನೆ ಬಂದಾಗ ಮಲ್ಲೇಶ್ವರ, ಸದಾಶಿವನಗರದ ಜನ 2023ರ ಫೆಬ್ರವರಿಯಲ್ಲಿ ಬೀದಿಗೆ ಬಂದರು. ಶಾಲೆಯ ಮಕ್ಕಳೂ ಇದ್ದರು, ವಾಕಿಂಗಿಗೆ ಬರುವ ಅಜ್ಜಂದಿರೂ ಇದ್ದರು. ನಡೆದವರ ಮೇಲೆ ಪೊಲೀಸ್ ಕೇಸು ದಾಖಲಾಯಿತು. ಯಾಕೆಂದರೆ 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವುದಿದ್ದರೆ ಫ್ರೀಡಂ ಪಾರ್ಕಿಗೇ ಹೋಗಬೇಕು. ಯೋಚಿಸಿ. ಕೆರೆ ಇಲ್ಲಿದೆ, ಮರ ಇಲ್ಲಿದೆ, ಮನೆ ಇಲ್ಲಿದೆ. ಕೌನ್ಸಿಲ್‌ನಲ್ಲಿ ನಿಮ್ಮ ಪರವಾಗಿ ಮಾತಾಡುವವರು ಇಲ್ಲ. ನೀವೇ ಮಾತಾಡೋಣ ಅಂದರೆ ಇಲ್ಲಿ ಮಾತಾಡುವಂತಿಲ್ಲ. ಆ ಸೇತುವೆ ಆಗ ನಿಂತಿತು. ಜನರ ಹಟಕ್ಕೆ ನಿಂತಿತು.

ಮರದ ವಿಷಯದಲ್ಲಾದರೂ ಕಾಯ್ದೆಯಲ್ಲಿ ಒಂದು ಬಾಗಿಲು ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಗೆ ಆಮೇಲೆ ಆದ ತಿದ್ದುಪಡಿಯಂತೆ, ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಜಾಸ್ತಿ ಮರ ಕಡಿಯುವುದಿದ್ದರೆ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗೆ ಹತ್ತು ದಿನ ಕೊಡಬೇಕು. ಹತ್ತು ದಿನ ಏನೂ ಸಾಲದು. ಆದರೂ ಆ ಹತ್ತು ದಿನದಲ್ಲಿ ಎಷ್ಟು ಜನ ಅರ್ಜಿ ಹಾಕಿದ್ದಾರೆ, ಎಷ್ಟು ಮರ ಉಳಿದಿವೆ! ಫುಟ್‌ಪಾತಿಗೆ, ಮೋರಿಗೆ ಅಂಥ ಹತ್ತು ದಿನವೂ ನಮಗೆ ಸಿಗುವುದಿಲ್ಲ. ಜಲ್ಲಿ ಬಂದು ಬಿದ್ದ ದಿನವೇ ಕೆಲಸ ಇದೆ ಅಂತ ತಿಳಿಯುತ್ತದೆ.

ಕೌನ್ಸಿಲ್ ಇದ್ದಾಗ ಎಲ್ಲ ಸರಿ ಇತ್ತು ಅನ್ನುವ ಹಾಗೂ ಇಲ್ಲ. ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಸೇತುವೆ ಅಂತ 2016ರಲ್ಲಿ ತೀರ್ಮಾನವಾಯಿತಲ್ಲ, ಆಗ 198 ಸದಸ್ಯರೂ ಇದ್ದರು. 1,791 ಕೋಟಿ ರೂಪಾಯಿ, 812 ಮರ. ತೀರ್ಮಾನ ಮಾಡಿದ್ದು ರಾಜ್ಯ ಸಚಿವ ಸಂಪುಟ, ಕಟ್ಟಬೇಕಿದ್ದದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ). ಪಾಲಿಕೆಯ ಸದಸ್ಯರ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. ಅಕ್ಟೋಬರ್ 16ರಂದು ಸಾವಿರಾರು ಜನ ಆ ರಸ್ತೆಯ ಉದ್ದಕ್ಕೂ ಕೈ ಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ನೀರು ಒಬ್ಬರದ್ದು, ಕರೆಂಟು ಇನ್ನೊಬ್ಬರದ್ದು, ಮೆಟ್ರೋ ಮತ್ತೊಬ್ಬರದ್ದು, ದೊಡ್ಡ ರಸ್ತೆ ಮಗದೊಬ್ಬರದ್ದು. ಇವರಲ್ಲಿ ಯಾರೂ ವಾರ್ಡಿಗೆ ಉತ್ತರ ಕೊಡಬೇಕಾಗಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ತೋಡುವ ಮಾತು ಎದ್ದಾಗಲೂ ಅದೇ ಕಥೆ. ಅಷ್ಟು ದೊಡ್ಡ ಯೋಜನೆ ಮುಂದೆ ಸಾಗುತ್ತಿದ್ದಾಗ ನಗರಕ್ಕೆ ಒಬ್ಬ ಮೇಯರ್ ಕೂಡ ಇರಲಿಲ್ಲ.

ನಾನು ದೊಡ್ಡ ಯೋಜನೆಗಳನ್ನು ಬಿಟ್ಟು ಮತ್ತೆ ವಾರ್ಡಿಗೆ ಬರುತ್ತೇನೆ. ನನಗೆ ನಂಬಿಕೆ ಇರುವುದು ಅಲ್ಲೇ.

ವಾರ್ಡ್ ಸಮಿತಿ ಅಂತ ಒಂದಿದೆ. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರುಗಳಲ್ಲಿ ಇದು ಇರಲೇಬೇಕು ಅಂತ ಸಂವಿಧಾನದಲ್ಲೇ ಇದೆ. ಕರ್ನಾಟಕದಲ್ಲಿ 2011ರ ತಿದ್ದುಪಡಿ, 2016ರ ನಿಯಮ ಬಂದ ಮೇಲೆ ಇದಕ್ಕೆ ಒಂದು ರೂಪ ಬಂತು. ಕಾರ್ಪೊರೇಟರ್ ಅಧ್ಯಕ್ಷರು. ಜೊತೆಗೆ ಹತ್ತು ಜನ. ಅದರಲ್ಲಿ ಕನಿಷ್ಠ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿ ಸಂಘಗಳ ಕಡೆಯವರು. ತಿಂಗಳಿಗೊಮ್ಮೆ ಸೇರಬೇಕು. ಬೆಂಗಳೂರಿನಲ್ಲಿ ಬಹಳ ವಾರ್ಡುಗಳಲ್ಲಿ ಇದು ನಿಜವಾಗಿ ಶುರುವಾದದ್ದು 2018ರ ಕೊನೆಗೆ, ಅದೂ ಹೈಕೋರ್ಟ್ ಮತ್ತೆ ಮತ್ತೆ ಕೇಳಿದ ಮೇಲೆ. ಸಮಿತಿಯ ತೀರ್ಮಾನವನ್ನು ತಳ್ಳಿಹಾಕುವ ಅಧಿಕಾರ ಕಾರ್ಪೊರೇಟರ್‌ಗೆ ಇತ್ತು. ಅದು ಆ ಕಾಯ್ದೆಯ ದೊಡ್ಡ ಕೊರತೆ ಅಂತ ನನ್ನ ಅಭಿಪ್ರಾಯ.

ಅಷ್ಟು ಕೊರತೆ ಇದ್ದರೂ ಅದು ಏನು ಮಾಡಬಲ್ಲದು ಅಂತ ನಾನು 2019ರ ಸುಮಾರಿಗೆ ನೋಡಿದ್ದೇನೆ. ಒಂದು ಶನಿವಾರ ನಮ್ಮ ವಾರ್ಡಿನ ಸಭೆ. ಮೂಲೆಯ ಫುಟ್‌ಪಾತ್ ಹೊಸದಾಗಿ ಕಟ್ಟುವ ವಿಷಯ. ಆ ಮೂಲೆಯಲ್ಲಿ ಒಬ್ಬರು ಸೊಪ್ಪು ಮಾರುತ್ತಾರೆ. ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಗೆ ಹೋಗಿ ದಂಟು, ಮೆಂತ್ಯ, ಸಬ್ಬಸಿಗೆ ತಂದು ಏಳು ಗಂಟೆಗೆಲ್ಲ ಗೋಣಿ ಹಾಸಿ ಕೂರುತ್ತಾರೆ. ಅವರನ್ನು ಅಲ್ಲಿಂದ ಎಬ್ಬಿಸಬೇಕು, ಹೊಸ ಫುಟ್‌ಪಾತ್ ನಡೆಯುವವರಿಗೆ ಮಾತ್ರ ಅಂತ ನಿವಾಸಿ ಸಂಘದ ಹಿರಿಯರೊಬ್ಬರು ಹೇಳಿದರು. ಬ್ಯಾಂಕಿನಲ್ಲಿ ರಿಟೈರ್ ಆದವರು, ಒಳ್ಳೆಯವರು, ನಮ್ಮ ಪಾರ್ಕನ್ನು ಉಳಿಸಿದವರು. ಸಮಿತಿಯಲ್ಲಿದ್ದ ಒಬ್ಬ ಹೆಂಗಸು, ಮನೆಗೆಲಸ ಮಾಡಿಕೊಂಡು ಹಿಂದಿನ ವಠಾರದಲ್ಲಿ ಇರುವವರು, ಅಲ್ಲಿಯವರೆಗೆ ಮಾತೇ ಆಡಿರಲಿಲ್ಲ. ಅವರು ಕೇಳಿದರು: "ಸಾರ್, ನಿಮ್ಮನೆಗೆ ಸೊಪ್ಪು ಎಲ್ಲಿಂದ ತರ್ತಾರೆ?"

ಹಿರಿಯರು ಸುಮ್ಮನಾದರು. "ಅವರ ಹತ್ರಾನೇ ಅಮ್ಮಾ" ಅಂದರು.

ಆಮೇಲೆ ಮಾತಿನ ದಾರಿ ಬದಲಾಯಿತು. ಎಬ್ಬಿಸಬೇಕಾ ಬೇಡವಾ ಅನ್ನುವುದು ಹೋಗಿ ಎಲ್ಲಿ ಕೂರಿಸಬೇಕು ಅನ್ನುವುದು ಬಂತು. ಯಾರೋ ಕಾಗದದ ಮೇಲೆ ಗೆರೆ ಎಳೆದರು. ಶಾಲೆಯ ಕಾಂಪೌಂಡಿನ ಪಕ್ಕ ಗೇಟು ಇಲ್ಲದ ಜಾಗ ಇದೆ, ಅಲ್ಲಿ ಫುಟ್‌ಪಾತ್ ಸ್ವಲ್ಪ ಅಗಲ ಮಾಡಿದರೆ ಇಬ್ಬರು ಮೂವರು ಗೋಣಿ ಹಾಸಬಹುದು, ನಡೆಯುವವರಿಗೂ ದಾರಿ ಉಳಿಯುತ್ತದೆ. ಕಾರ್ಪೊರೇಟರ್ ಎಂಜಿನಿಯರ್ ಕಡೆ ನೋಡಿ, "ಆಗತ್ತಾ ಸರ್?" ಅಂದರು. ಎಂಜಿನಿಯರು ನಕ್ಷೆ ಬಿಡಿಸಿ ನೋಡಿದರು. ಕೆಳಗೆ ನೀರಿನ ವಾಲ್ವ್ ಇದೆ, ಅದನ್ನು ಮುಚ್ಚದ ಹಾಗೆ ಮಾಡಬಹುದು ಅಂದರು. ನಾನು ಅದೇ ನಕ್ಷೆಯಲ್ಲಿ ಚಪ್ಪಡಿಯ ಎತ್ತರ ಎಷ್ಟು ಅಂತ ಕೇಳಿದೆ. ಒಂದು ಅಡಿಯ ಮೇಲೆ ಇತ್ತು. ಅಲ್ಲಿ ಮಂಡಿ ನೋವಿನವರು ಎಷ್ಟು ಜನ ಅಂತ ಆ ಕೋಣೆಯಲ್ಲೇ ಲೆಕ್ಕ ಸಿಕ್ಕಿತು. ಮೋರಿಯ ಹೂಳು ಪೂರ್ತಿ ತೆಗೆದರೆ ಗೋಡೆ ಎಬ್ಬಿಸುವ ಅಗತ್ಯ ಇಲ್ಲ ಅಂತ ಹಳೆಯ ಮೇಸ್ತ್ರಿಯೊಬ್ಬರು ಹೇಳಿದರು. ಅವರು ಸಮಿತಿಯವರಲ್ಲ, ಸುಮ್ನೆ ಬಂದು ಹಿಂದೆ ನಿಂತಿದ್ದವರು. ಅವರ ಮಾತು ಸರಿ ಅಂತ ಎಂಜಿನಿಯರೂ ಒಪ್ಪಿದರು. ಚಪ್ಪಡಿ ಕೆಳಗಿಳಿಯಿತು. ಅಮ್ಮ ಇವತ್ತಿಗೂ ಫುಟ್‌ಪಾತ್ ಮೇಲೆ ನಡೆಯುವುದು ಆ ಒಂದು ತುಂಡಿನಲ್ಲಿ ಮಾತ್ರ.

ಇದಕ್ಕೆ ಹೆಚ್ಚುವರಿ ಹಣ ಬೇಕಾಗಲಿಲ್ಲ, ಹೊಸ ಕಾಯ್ದೆ ಬೇಕಾಗಲಿಲ್ಲ. ಬೇಕಾದದ್ದು ಕೆಲಸಕ್ಕೆ ಮೊದಲು ಬಿಡಿಸಿದ ಒಂದು ನಕ್ಷೆ, ಅದರ ಸುತ್ತ ಬೇರೆ ಬೇರೆ ಬದುಕಿನ ಜನ. ಬೇರೆ ಬೇರೆ ಬದುಕಿನ ಜನ ಅನ್ನುವುದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮಂಥವರು, ಅಂದರೆ ಸ್ವಂತ ಮನೆ, ಕಾರು, ವಾಟ್ಸಾಪ್ ಗುಂಪು ಇರುವವರು, ಬಡಾವಣೆಯ ಅಭಿಪ್ರಾಯ ಅಂದರೆ ನಮ್ಮದೇ ಅಂದುಕೊಳ್ಳುತ್ತೇವೆ. ಆ ಹೆಂಗಸು ಅಲ್ಲಿ ಕೂತಿರದಿದ್ದರೆ ಸೊಪ್ಪಿನವರನ್ನು ಎಬ್ಬಿಸುವ ನಿರ್ಣಯ ಎಲ್ಲರ ಒಪ್ಪಿಗೆಯಿಂದ ಪಾಸಾಗುತ್ತಿತ್ತು. ಅದು ಕಾನೂನಿಗೂ ವಿರೋಧ. ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದದ್ದು 2014ರಲ್ಲಿ. ಸಮೀಕ್ಷೆ ಮಾಡಿ ಗುರುತಿನ ಚೀಟಿ ಕೊಡುವವರೆಗೂ ಯಾರನ್ನೂ ಎಬ್ಬಿಸುವಂತಿಲ್ಲ. ಊರಿನ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕು. ಈ ಕಾಯ್ದೆ ಗೊತ್ತಿರುವ ನಿವಾಸಿ ಸಂಘವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಕೌನ್ಸಿಲ್ ಅವಧಿ ಮುಗಿದ ಮೇಲೆ ವಾರ್ಡ್ ಸಮಿತಿಗಳನ್ನು ನೋಡಲ್ ಅಧಿಕಾರಿಗಳಿಗೆ ವಹಿಸಿದರು. ಕೆಲವರು ಮನಸ್ಸಿಟ್ಟು ನಡೆಸಿದರು. ಆದರೆ ಅಧಿಕಾರಿ ನಡೆಸುವ ಸಭೆಯಲ್ಲಿ ದೂರು ಬರೆದುಕೊಳ್ಳುತ್ತಾರೆ, ಅಷ್ಟೇ. ಬೀದಿ ದೀಪ ಉರಿಯುತ್ತಿಲ್ಲ, ಬರೆದುಕೊಂಡೆವು. ಕಸದ ಗಾಡಿ ಬಂದಿಲ್ಲ, ಬರೆದುಕೊಂಡೆವು. ಒಂದು ಗುಂಪಿನ ಆಸೆಯನ್ನು ಇನ್ನೊಂದು ಗುಂಪಿನ ಆಸೆಯ ಪಕ್ಕ ಇಟ್ಟು, ಇಬ್ಬರಿಗೂ ಅರ್ಧರ್ಧ ಬೇಸರ ಮಾಡಿ, ಆದರೂ ನಾಳೆ ಇಬ್ಬರ ಮುಖವನ್ನೂ ನೋಡಬೇಕಾದ ಕೆಲಸ ಅಧಿಕಾರಿಯದ್ದಲ್ಲ. ಅವರಿಗೆ ವರ್ಗಾವಣೆ ಆಗುತ್ತದೆ.

ಈಗ ಬೆಂಗಳೂರು ಐದು ಪಾಲಿಕೆಗಳಾಗಿದೆ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ಕ್ಕೆ ಜಾರಿಗೆ ಬಂತು. ಸೆಪ್ಟೆಂಬರ್ 2ರಿಂದ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿ ಅಧ್ಯಕ್ಷರು. ಊರಿನ ತೀರ್ಮಾನದ ಕೀಲಿಕೈ ಮತ್ತೆ ವಿಧಾನಸೌಧದಲ್ಲೇ ಉಳಿಯಿತಲ್ಲ ಅನ್ನುವುದು ನನ್ನ ದೊಡ್ಡ ಬೇಸರ. ಆದರೆ ಒಂದು ಸಂಗತಿ ನನಗೆ ಇಷ್ಟವಾಗಿದೆ. ಎಲ್ಲ ಸೇರಿ ವಾರ್ಡುಗಳು 369. 2011ರ ಜನಗಣತಿಯಲ್ಲಿ ಪಾಲಿಕೆಯ ಜನಸಂಖ್ಯೆ ಸುಮಾರು 84 ಲಕ್ಷ. ಆ ಲೆಕ್ಕದಲ್ಲಿ ಒಂದು ವಾರ್ಡಿಗೆ ಸರಾಸರಿ 42 ಸಾವಿರ ಜನ ಇದ್ದದ್ದು 23 ಸಾವಿರಕ್ಕೆ ಇಳಿಯುತ್ತದೆ. ಈಗಿನ ಜನಸಂಖ್ಯೆ ಅದಕ್ಕಿಂತ ಎಷ್ಟೋ ಜಾಸ್ತಿ, ಆದರೂ ವಾರ್ಡು ಚಿಕ್ಕದಾಗಿರುವುದು ನಿಜ. ಒಬ್ಬ ಸದಸ್ಯೆ ಕಾಲ್ನಡಿಗೆಯಲ್ಲಿ ತನ್ನ ವಾರ್ಡನ್ನು ಒಂದು ಬೆಳಿಗ್ಗೆ ಸುತ್ತಿ ಬರಬಹುದು.

ನಮ್ಮ ವಾರ್ಡಿನಲ್ಲಿ ವೋಟು ಕೇಳಿಕೊಂಡು ಬರುವ ಪ್ರತಿಯೊಬ್ಬರಿಗೂ ಕೊಡಲು ನಾವು ಕೆಲವರು ಸೇರಿ ಒಂದು ಪುಟ ಬರೆದಿಟ್ಟಿದ್ದೇವೆ. ಯಾವ ಪಕ್ಷದವರಾದರೂ ಸರಿ, ಅದೇ ಪುಟ. ಬೀದಿಯಲ್ಲಿ ಯಾವುದೇ ಕಾಮಗಾರಿ ಶುರುವಾಗುವ ಹದಿನೈದು ದಿನ ಮೊದಲು ಅದರ ನಕ್ಷೆಯನ್ನು ಆ ಬೀದಿಯಲ್ಲೇ ಅಂಟಿಸಬೇಕು. ಅಡಿ, ಇಂಚಿನಲ್ಲಿ, ಕನ್ನಡದಲ್ಲಿ ಇರಬೇಕು. ಮೋರಿ ಎಷ್ಟು ಆಳ, ಫುಟ್‌ಪಾತ್ ಎಷ್ಟು ಎತ್ತರ, ಯಾವ ಮರ, ಯಾವ ಗಾಡಿ, ಎಷ್ಟು ದುಡ್ಡು, ಯಾರು ಗುತ್ತಿಗೆದಾರ, ಯಾವಾಗ ಮುಗಿಯುತ್ತದೆ. ಕೆಳಗೆ ಎಂಜಿನಿಯರ್ ಫೋನ್ ನಂಬರು. ಆ ಹದಿನೈದು ದಿನದೊಳಗೆ ಒಂದು ವಾರ್ಡ್ ಸಮಿತಿ ಸಭೆ, ಸಂಜೆ ಆರರ ಮೇಲೆ, ಕೆಲಸಕ್ಕೆ ಹೋಗುವವರೂ ಬರುವ ಹೊತ್ತಿಗೆ. ಸಮಿತಿ ಬೇಡ ಅಂದದ್ದನ್ನು ಸದಸ್ಯರು ತಳ್ಳಿಹಾಕುವುದಿದ್ದರೆ ಕಾರಣವನ್ನು ಬರೆದು ಅದೇ ಗೋಡೆಯ ಮೇಲೆ ಅಂಟಿಸಬೇಕು.

ಇದನ್ನು ಓದುತ್ತಿರುವವರಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯವರೂ ಇರುತ್ತೀರಿ. ನಿಮ್ಮ ಊರುಗಳಿಗೂ ಅದೇ 74ನೇ ತಿದ್ದುಪಡಿ, ಅದೇ ವಾರ್ಡ್ ಸಮಿತಿಯ ನಿಯಮ. ನಿಮ್ಮ ವಾರ್ಡಿನಲ್ಲಿ ಸಮಿತಿ ಇದೆಯಾ, ಸೇರುತ್ತದಾ, ಅದರಲ್ಲಿ ಯಾರಿದ್ದಾರೆ ಅಂತ ಒಮ್ಮೆ ವಾರ್ಡ್ ಕಚೇರಿಗೆ ಹೋಗಿ ಕೇಳಿ. ನಡಾವಳಿ ಪುಸ್ತಕ ತೋರಿಸಿ ಅನ್ನಿ, ಅದನ್ನು ನೋಡುವ ಹಕ್ಕು ನಿಮಗಿದೆ. ನಮ್ಮ ಪುಟ ಬೇಕಾದರೆ ತೆಗೆದುಕೊಂಡು ನಿಮ್ಮ ಬೀದಿಗೆ ತಕ್ಕ ಹಾಗೆ ತಿದ್ದಿಕೊಳ್ಳಿ. ಫುಟ್‌ಪಾತ್ ಎತ್ತರದ ಜಾಗದಲ್ಲಿ ಆರು ಇಂಚು ಅಂತ ಬರೆಯುವುದನ್ನು ಮಾತ್ರ ಬಿಡಬೇಡಿ.